ಹಳದಿ ಮುಖವಾಡಕ್ಕೆ ಎಷ್ಟು ಸ್ಟಾರ್

ನಂಬದೇ ಇರುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ದುಬೈಯ ಜುಮೇರಾ ಲೇಕ್ ಟವರ್ಸ್‌ನ ಒಂದು ಆಫೀಸಿನಲ್ಲಿ ಆರೋಗ್ಯ ವಿಮೆಯ ಕ್ಲೇಮುಗಳನ್ನು ಪರಿಶೀಲಿಸುವ ಕೆಲಸ ನನ್ನದು. ಯಾರಿಗೆ ಪೆಟ್ಟಾಯಿತು, ಹೇಗಾಯಿತು, ಹೇಳುತ್ತಿರುವುದು ನಿಜವೋ ಸುಳ್ಳೋ ಎಂದು ನೋಡುವುದು. ಆ ಕುರ್ಚಿಯಲ್ಲಿ ಕೂತವರಿಗೆ ಒಂದು ವಿಷಯ ಬೇಗ ಗೊತ್ತಾಗುತ್ತದೆ: ದುಬೈಯಲ್ಲಿ ಯಾರಿಗೂ ಬೇರೆಲ್ಲೂ ಪೆಟ್ಟಾಗುವುದಿಲ್ಲ, ಎಲ್ಲರೂ ಬಾತ್‌ರೂಮಿನಲ್ಲೇ ಜಾರಿ ಬೀಳುತ್ತಾರೆ. ಫುಟ್‌ಬಾಲ್ ಆಡಿ ಮೊಣಕಾಲು ತಿರುಚಿಕೊಂಡವನು, ಮರಳುಗುಡ್ಡದ ಮೇಲೆ ಬೈಕ್ ಉರುಳಿಸಿಕೊಂಡವನು, ರೂಮಿನವರ ಜೊತೆ ಹೊಡೆದಾಡಿ ಹಲ್ಲು ಉದುರಿಸಿಕೊಂಡವನು, ಎಲ್ಲರದೂ ಒಂದೇ ಬಾತ್‌ರೂಮು.

ಇಂಥವರನ್ನು ಹಿಡಿಯಲು ನನ್ನ ಹತ್ತಿರ ಒಂದು ಉಪಾಯವಿತ್ತು. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ದಿನ ಮೂರು ಸಲ ಕೇಳುವುದು. ನಿಜ ಹೇಳುವವರು ತಡವರಿಸುತ್ತಾರೆ. ಒಮ್ಮೆ ಸೋಪಿನ ಮೇಲೆ ಕಾಲಿಟ್ಟೆ ಎನ್ನುತ್ತಾರೆ, ಇನ್ನೊಮ್ಮೆ ಚಪ್ಪಲಿ ಒದ್ದೆಯಿತ್ತು ಎನ್ನುತ್ತಾರೆ, ಮತ್ತೊಮ್ಮೆ ನೆನಪಿಲ್ಲವೆಂದು ರೇಗುತ್ತಾರೆ. ಸುಳ್ಳು ಹೇಳುವವರು ಮಾತ್ರ ಮೂರೂ ಸಲ ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ ಒಪ್ಪಿಸುತ್ತಾರೆ, ಬಾಯಿಪಾಠದ ಮಗ್ಗಿಯ ಹಾಗೆ. ಹಾಗೆ ಒಪ್ಪಿಸಿದವರ ಕ್ಲೇಮನ್ನು ನಾನು ಪಾಸು ಮಾಡಿದ್ದಿಲ್ಲ.

ಇಂಥ ನಾನು ಪ್ರತಿ ಶನಿವಾರ ಬೆಳಿಗ್ಗೆ ಮೆಕ್ಸಿಕೋದ ಕುಸ್ತಿ ನೋಡಿ ವಿಮರ್ಶೆ ಬರೆಯುತ್ತಿದ್ದೆ ಎಂದರೆ ನಂಬುವವರು ಕಡಿಮೆ. ಬಿಡಿ, ನಾನಾದರೂ ನಂಬುತ್ತಿರಲಿಲ್ಲ. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಮೆಕ್ಸಿಕೋದ ಹೆಂಗಸು ಹಚ್ಚಿದ ಗೀಳು ಅದು. ಲೂಚಾ ಲಿಬ್ರೆ ಎನ್ನುತ್ತಾರೆ ಆ ಕುಸ್ತಿಗೆ. ಪೈಲ್ವಾನರು ತಲೆಯಿಂದ ಗದ್ದದವರೆಗೆ ಬಣ್ಣದ ಮುಖವಾಡ ಬಿಗಿದು, ಹಿಂದೆ ಲೇಸು ಕಟ್ಟಿಕೊಂಡು ಆಡುತ್ತಾರೆ. ಮೂರು ಸುತ್ತಿನಲ್ಲಿ ಎರಡು ಗೆದ್ದವನು ಗೆದ್ದ. ಒಬ್ಬ ಒಳ್ಳೆಯವನು, ಎದುರಿನವನು ರೂಡೋ, ಅಂದರೆ ಕೇಡಿಗ. ಮುಖವಾಡದ ಒಳಗಿರುವವನು ಯಾರೆಂದು ಯಾರೂ ಹೇಳುವಂತಿಲ್ಲ. ಅವರ ಶುಕ್ರವಾರ ರಾತ್ರಿಯ ಪಂದ್ಯ ನಮಗೆ ಶನಿವಾರ ಬೆಳಗಿನ ಚಹಾದ ಹೊತ್ತಿಗೆ ಕಂಪ್ಯೂಟರಿನಲ್ಲಿ ಬರುತ್ತಿತ್ತು. ಆಕೆ ಇಂಥ ಪಂದ್ಯಗಳಿಗೇ ಮೀಸಲಾದ ಒಂದು ವೆಬ್‌ಸೈಟಿಗೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು. ಊರಿಗೆ ವಾಪಸು ಹೋಗುವಾಗ, ಇನ್ನು ಮೇಲೆ ನೀನು ಬರಿ, ನಿನ್ನ ಹಾಗೆ ಅನುಮಾನದಿಂದ ನೋಡುವವರು ಸಿಗುವುದಿಲ್ಲ ಎಂದು ಆ ಅಂಕಣವನ್ನು ನನ್ನ ಕೊರಳಿಗೆ ಕಟ್ಟಿ ಹೋದಳು.

ಅನುಮಾನದಿಂದಲೇ ನೋಡಿದೆ. ಮೊದಮೊದಲು ಎಲ್ಲ ಸುಳ್ಳೆಂದು ಸಾಬೀತು ಮಾಡುವ ಹಟವಿತ್ತು. ನೋಡುತ್ತಾ ಹೋದ ಹಾಗೆ ಗೆಲುವು ಸೋಲು ಮೊದಲೇ ಮಾತಾಡಿಕೊಂಡದ್ದು, ಆದರೆ ಬೀಳುವುದು ಮಾತ್ರ ನಿಜ ಎಂದು ತಿಳಿಯಿತು. ನನ್ನ ಆಫೀಸಿನ ಕಾಗದಗಳಲ್ಲಿ ಪೆಟ್ಟು ಸುಳ್ಳು, ಇಲ್ಲಿ ಜಗಳ ಸುಳ್ಳು, ಪೆಟ್ಟು ನಿಜ. ಒಬ್ಬ ಮೇಲಿನ ಹಗ್ಗದಿಂದ ಹಾರುತ್ತಾನಲ್ಲ, ಅವನನ್ನು ಕಾಪಾಡುವವನು ಕೆಳಗೆ ನಿಂತ ಶತ್ರು. ಅವನು ಎದೆಯೊಡ್ಡಿ ಹಿಡಿಯದಿದ್ದರೆ ಹಾರಿದವನ ತಲೆ ನೆಲಕ್ಕೆ. ಜನ ಚಪ್ಪಾಳೆ ತಟ್ಟುವುದು ಹಾರಿದವನಿಗೆ. ನಾನು ಸ್ಟಾರ್ ಕೊಡುತ್ತಿದ್ದದ್ದು ಹಿಡಿದವನಿಗೆ. ಬಿದ್ದ ಮೇಲೆ ಒಬ್ಬರ ಮಣಿಕಟ್ಟನ್ನು ಒಬ್ಬರು ಮೆಲ್ಲಗೆ ಒತ್ತುತ್ತಾರೆ, ನೆಟ್ಟಗಿದ್ದೇನೆ ಎಂದು ಹೇಳುವುದಕ್ಕೆ. ನಾನು ಆ ಒತ್ತುವಿಕೆಗಾಗಿ ಕಾಯುತ್ತಿದ್ದೆ. ಅದು ಕಾಣದಿದ್ದರೆ ಹಿಂದೆ ಮುಂದೆ ಓಡಿಸಿ ಹುಡುಕುತ್ತಿದ್ದೆ. ಐದರಲ್ಲಿ ಐದು ಸ್ಟಾರ್ ನಾನು ಯಾರಿಗೂ ಕೊಟ್ಟಿದ್ದಿಲ್ಲ.

ನಮ್ಮ ಮನೆಯವರಿಗೆ ಇದೆಲ್ಲ ನಗೆಚಾಟಿಕೆ. ಧಾರವಾಡದ ಹತ್ತಿರದ ಹಳ್ಳಿಯ ಗರಡಿಯಲ್ಲಿ ಸಾಮು ಮಾಡಿ ಬೆಳೆದವರು. ಈಗ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಟೈಲ್ಸ್ ಗೋದಾಮೊಂದರ ಉಸ್ತುವಾರಿ. ನಮ್ಮ ಫ್ಲ್ಯಾಟ್ ಕೂಡ ಅಲ್ಲೇ, ಗೋದಾಮುಗಳ ಸಾಲು ಮುಗಿದು ಮನೆಗಳ ಸಾಲು ಶುರುವಾಗುವಲ್ಲಿ. ನಮ್ಮ ಕಡೆಗೆ ಮೆಟ್ರೋ ಇನ್ನೂ ಬಂದಿರದ ವರ್ಷಗಳು ಅವು.

"ಇದೂ ಒಂದ್ ಕುಸ್ತೀ ಏನ?" ಎಂದು ನನ್ನ ಹಿಂದೆ ಚಹಾದ ಕಪ್ಪು ಹಿಡಿದು ನಿಂತು ಕೇಳುತ್ತಿದ್ದರು. "ನಮ್ಮ ಗರಡ್ಯಾಗ ಹಿಂಗ ಹಾರಿದ್ರ ವಸ್ತಾದ ಚಡ್ಡಿ ಹಿಡದು ಎಳದು ಕೂಡಸ್ತಿದ್ದ."

"ಸುಮ್ನ ಇರ್ರಿ, ಈಗ ಬೀಳಾವ ಇದ್ದಾನ," ಎನ್ನುತ್ತಿದ್ದೆ, ಪರದೆಯಿಂದ ಕಣ್ಣು ತೆಗೆಯದೆ.

ಮಗಳು ಓದಲು ಮಣಿಪಾಲದ ಹಾಸ್ಟೆಲಿಗೆ ಹೋದ ವರ್ಷ ಅವರು ಬಾತ್‌ರೂಮಿನಲ್ಲಿ ಬಿದ್ದು ಕುತ್ತಿಗೆಗೆ ಪೆಟ್ಟು ಮಾಡಿಕೊಂಡಿದ್ದರು. ಹೌದು, ಬಾತ್‌ರೂಮಿನಲ್ಲಿ. ನನ್ನ ಗಂಡನೇ ಒಳಗಿನಿಂದ ಬಂದು ನನ್ನ ಮುಂದೆ ಆ ಮಾತು ಹೇಳಿದರೆ ನನಗೆ ಹೇಗಾಗಬೇಡ! ಹೇಗೆ ಬಿದ್ದಿರಿ ಎಂದು ಮೂರು ಸಲ ಕೇಳಿಯೇ ಬಿಟ್ಟೆ. ತಡವರಿಸಿದರು, ರೇಗಿದರು, ಹಾಗಾಗಿ ನಂಬಿದೆ. ಕುತ್ತಿಗೆಯ ಎರಡು ಮೂಳೆಗಳ ನಡುವಿನ ಡಿಸ್ಕ್ ಸರಿದಿತ್ತು. ಬಹಳ ದಿನ ಕಾಲರ್ ಹಾಕಿಕೊಂಡು ಓಡಾಡಿದರು. ಇನ್ನೊಂದು ಪೆಟ್ಟು ಬಿದ್ದರೆ ಕೈಯ ಶಕ್ತಿ ಹೋಗಬಹುದು, ಭಾರ ಎತ್ತಬೇಡಿ, ಕುತ್ತಿಗೆಗೆ ಜೋಪಾನ ಎಂದು ಡಾಕ್ಟರು ಹೇಳಿದ್ದರು. ಇಂಥ ಕುತ್ತಿಗೆಗಳ ಕಥೆ ನಾನು ಆಫೀಸಿನಲ್ಲಿ ದಿನಾ ಓದುತ್ತಿದ್ದೆನಾದ್ದರಿಂದ ಅವರಿಗಿಂತ ನನಗೇ ಹೆಚ್ಚು ಹೆದರಿಕೆ.

ಅದಾಗಿ ಕೆಲವು ತಿಂಗಳಿಗೆ ನಮ್ಮ ಮನೆಯವರು ಶನಿವಾರ ಬೆಳಿಗ್ಗೆ ಹೊರಗೆ ಹೋಗಲು ಶುರು ಮಾಡಿದರು.

"ಎಲ್ಲಿಗೆ ಹೊಂಟ್ರಿ?"

"ಗೋದಾಮಿಗೆ. ಕಂಟೇನರ್ ಬರೂದೈತಿ."

ಶುಕ್ರವಾರ ಶನಿವಾರ ರಜೆಯಿದ್ದ ಕಾಲ ಅದು. ಬಂದರಿನವರು ಶನಿವಾರವೂ ಕಂಟೇನರ್ ಕಳಿಸಬಹುದು, ಒಪ್ಪೋಣ. ಮುಂದಿನ ಶನಿವಾರವೂ ಕಂಟೇನರ್. ಅದರ ಮುಂದಿನದೂ. ಪ್ರತಿ ಸಲವೂ ಅದೇ ಮಾತು: ಗೋದಾಮಿಗೆ, ಕಂಟೇನರ್ ಬರೂದೈತಿ. ಒಂದು ಸಲವಾದರೂ ಲಾರಿ ಎನ್ನಲಿಲ್ಲ, ಟೈಲ್ಸ್ ಎನ್ನಲಿಲ್ಲ, ಬಾಸನ್ನು ಬೈಯಲಿಲ್ಲ. ಮೂರನೆಯ ಸಲ ಕೇಳಿದ ಮೇಲೆ ನನ್ನ ಕಿವಿ ನೆಟ್ಟಗಾಯಿತು.

ಒಮ್ಮೆ ಅನುಮಾನ ಬಂದರೆ ಮನೆ ತುಂಬಾ ಸಾಕ್ಷಿಯೇ. ವಾಷಿಂಗ್ ಮಷೀನಿನ ಯಾವ ಗುಂಡಿ ಯಾವುದಕ್ಕೆಂದು ಇಷ್ಟು ವರ್ಷದಲ್ಲಿ ತಿಳಿದುಕೊಳ್ಳದವರು ತಮ್ಮ ಬಟ್ಟೆ ತಾವೇ ಒಗೆದು, ತಾವೇ ಒಣಗಿಸಿ, ತಾವೇ ಎಲ್ಲೋ ಮುಚ್ಚಿಟ್ಟರು. ರಾತ್ರಿ ಊಟಕ್ಕೆ ಎರಡು ರೊಟ್ಟಿ ಕಡಿಮೆ ಮಾಡಿದರು. ಕನ್ನಡಿಯ ಮುಂದೆ ಹೊಟ್ಟೆ ಒಳಗೆಳೆದು ನಿಂತದ್ದನ್ನು ಕಣ್ಣಾರೆ ಕಂಡೆ. ಮೈಯಿಂದ ನೋವಿನ ಮುಲಾಮಿನ ವಾಸನೆ, ಅದನ್ನು ಮುಚ್ಚಲು ಮೇಲಿಂದ ಊದ್ ಅತ್ತರು. ನಲವತ್ತು ದಾಟಿದ ಗಂಡಸು ಹೊಟ್ಟೆ ಒಳಗೆಳೆದು ಅತ್ತರು ಹಚ್ಚಿಕೊಂಡರೆ ಯಾವ ಹೆಂಡತಿಗಾದರೂ ಏನು ಹೊಳೆಯುತ್ತದೆಯೋ ನನಗೂ ಅದೇ ಹೊಳೆಯಿತು.

ಒಂದು ಶನಿವಾರ ಮಧ್ಯಾಹ್ನ ಅವರು ಸ್ನಾನ ಮುಗಿಸಿ ಟವೆಲ್ ಹೊದ್ದು ಹೊರಬಂದಾಗ ಟವೆಲ್ ಜಾರಿತು. ಎದೆಯ ಮೇಲೆ, ಎಡಗಡೆ, ಕೆಂಪಗೆ ಒಂದು ಅಂಗೈ. ಐದೂ ಬೆರಳು ಎಣಿಸಬಹುದಾದಷ್ಟು ಸ್ಪಷ್ಟ.

"ಏನ್ರೀ ಇದು ಎದೀ ಮ್ಯಾಲೆ?"

"ಕಾರ್ಟನ್ ಬಡೀತು."

"ಕಾರ್ಟನ್ನಿಗೆ ಐದು ಬೆರಳು ಅದಾವೇನ್ರಿ?"

"ಭಾಳ ಶಾಣ್ಯಾಕಿ ಆಗಬ್ಯಾಡ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ತಮಾಷೆ ನೋಡಿ. ಅಂದು ಬೆಳಿಗ್ಗೆಯೇ ನಾನು ಇಬ್ಬರು ಪೈಲ್ವಾನರು ಒಬ್ಬರ ಎದೆಗೊಬ್ಬರು ಅಂಗೈಯಿಂದ ಬಾರಿಸಿದ್ದರ ಬಗ್ಗೆ ಉದ್ದುದ್ದ ಬರೆದಿದ್ದೆ. ಚರ್ಮ ಕೆಂಪಾದರೆ ಏಟು ನಿಜ, ಬೆರಳು ಮೂಡಿದರೆ ಹೊಡೆದವನಿಗೆ ಕಲಿಸಿದವರು ಒಳ್ಳೆಯವರು ಎಂದೆಲ್ಲ ದೊಡ್ಡ ಪಂಡಿತೆಯ ಹಾಗೆ ವಿವರಿಸಿದ್ದೆ. ಅದೇ ಗುರುತು ನನ್ನ ಗಂಡನ ಎದೆಯ ಮೇಲೆ ಕಂಡಾಗ ಮೆಕ್ಸಿಕೋ ನೆನಪಿಗೇ ಬರಲಿಲ್ಲ. ಯಾವಳೋ ಒಬ್ಬಳು ಹೊಡೆದಿದ್ದಾಳೆ ಎಂದೇ ಅನ್ನಿಸಿತು. ಹೊಡೆಯುವಷ್ಟು ಸಲಿಗೆ ಇರುವವಳು. ಎದೆ ತೋರಿಸುವಷ್ಟು ಸಲಿಗೆ ಇವರಿಗೂ ಇರಬೇಕು. ಆ ಬೆರಳುಗಳು ಹೆಂಗಸಿನವಾಗಲು ತೀರ ದಪ್ಪವಾಗಿದ್ದವು ಎನ್ನುವುದನ್ನೂ ನನ್ನ ಬುದ್ಧಿ ಪಕ್ಕಕ್ಕೆ ತಳ್ಳಿತು. ದಪ್ಪ ಹೆಂಗಸರು ಇರುವುದಿಲ್ಲವೇ!

ಮುಂದಿನ ಶನಿವಾರ ಮೊದಲ ಪಂದ್ಯದ ಎರಡನೇ ಸುತ್ತಿನಲ್ಲೇ ಕಂಪ್ಯೂಟರ್ ಮುಚ್ಚಿ ಟ್ಯಾಕ್ಸಿ ಹಿಡಿದು ಗೋದಾಮಿಗೆ ಹೋದೆ. ಗೇಟಿಗೆ ಬೀಗ. ಕಂಟೇನರ್ ಹಾಗಿರಲಿ, ಒಂದು ತಳ್ಳುಗಾಡಿಯೂ ಇರಲಿಲ್ಲ. ಕಾವಲಿನ ಮುದುಕ ನೆರಳಿನಲ್ಲಿ ಕೂತು ಖುಬ್ಬುಸ್ ರೊಟ್ಟಿ ತಿನ್ನುತ್ತಿದ್ದ.

"ಶನಿವಾರ ಛುಟ್ಟಿ, ಮೇಡಂ," ಎಂದ. "ಯಾವಾಗಲೂ ಛುಟ್ಟಿ."

ಮನೆಗೆ ಬಂದು ಸೋಫಾದ ಮೇಲೆ ಕೂತೆ. ಅಳು ಬರಲಿಲ್ಲ, ಭಯವಾಯಿತು. ಮಗಳಿಲ್ಲದ ಆ ಮನೆಯಲ್ಲಿ ಇದ್ದವರು ನಾವಿಬ್ಬರೇ. ಅವರೂ ಹೋದರೆ ಎಸಿಯ ಸದ್ದು ಕೇಳುತ್ತಾ ನಾನೊಬ್ಬಳೇ ಕೂರಬೇಕು. ಮನೆಯಲ್ಲಿ ಅನುಮಾನ ಪಡುವುದಕ್ಕಾದರೂ ಒಬ್ಬರು ಬೇಡವೇ? ಇವರನ್ನು ಬಿಟ್ಟು ನನಗೆ ಯಾರೂ ಬೇಡವಾಗಿತ್ತು, ಅದು ಅವತ್ತು ಆ ಸೋಫಾದ ಮೇಲೆ ಕೂತಾಗ ಗೊತ್ತಾಯಿತು.

ಅವರು ಒದ್ದೆ ತಲೆಯಲ್ಲಿ ಬಂದು, "ಕಂಟೇನರ್ ಲೇಟಾತು," ಎಂದರು. ನಾನು ಊಟಕ್ಕೆ ಬಡಿಸಿದೆ. ಪುರಾವೆ ಪೂರ್ತಿ ಕೈಗೆ ಬರುವ ತನಕ ಎದುರಿನವರಿಗೆ ಸುಳಿವು ಕೊಡಬಾರದು, ನನ್ನ ಕೆಲಸದ ಮೊದಲ ಪಾಠ ಅದು. ಆ ವಾರದ ವಿಮರ್ಶೆಯಲ್ಲಿ ಮಾತ್ರ ಮೆಕ್ಸಿಕೋದ ಪೈಲ್ವಾನರಿಗೆಲ್ಲ ಸೇರಿಸಿ ಬೈದೆ. ಒಬ್ಬ ಓದುಗ ಕೆಳಗೆ ಬರೆದಿದ್ದ, ವಿಮರ್ಶಕಿಗೆ ಮನೆಯಲ್ಲಿ ಏನೋ ಆಗಿರಬೇಕು ಎಂದು.

ಅದೇ ಹೊತ್ತಿಗೆ ವೆಬ್‌ಸೈಟಿನ ವಿಳಾಸಕ್ಕೆ ಒಂದು ಮೇಲ್ ಬಂತು. ದುಬೈಯಲ್ಲೇ ಲೂಚಾ ಲಿಬ್ರೆ ಕಲಿಸುವ ಒಂದು ತಂಡವಿದೆ, ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಇಂಥ ಶೆಡ್ಡಿನಲ್ಲಿ ಪ್ರದರ್ಶನ, ನೀವು ಬಂದು ವಿಮರ್ಶೆ ಬರೆಯಬೇಕು ಎಂದು. ಶೆಡ್ ಇದ್ದದ್ದು ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ, ಇವರ ಗೋದಾಮಿನಿಂದ ನಾಲ್ಕಾರು ರಸ್ತೆ ಆಚೆ. ನಾನು ದುಬೈಯಲ್ಲಿರುವುದು ಆ ತಂಡದವರಿಗೆ ಹೇಗೆ ಗೊತ್ತಾಯಿತು ಎಂದು ಅದರ ಮೇಲೂ ಅನುಮಾನ ಪಟ್ಟೆ. ಆದರೂ ಹೋಗುವುದೆಂದು ನಿಶ್ಚಯಿಸಿದೆ, ಯಾಕೆಂದರೆ ಆ ಶುಕ್ರವಾರವೂ ಇವರು ಕಂಟೇನರ್ ಎಂದಿದ್ದರು. ಪಂದ್ಯ ಮುಗಿಸಿ ಹಾಗೇ ಆ ಬೀದಿಗಳನ್ನೆಲ್ಲ ಸುತ್ತಿ ನಮ್ಮ ಕಾರು ಯಾವ ಮನೆಯ ಮುಂದೆ ನಿಂತಿದೆ ಎಂದು ನೋಡಿಬಿಡುವುದೆಂದು ಲೆಕ್ಕ ಹಾಕಿದೆ.

ಶೆಡ್ಡಿನೊಳಗೆ ರಿಂಗು, ಸುತ್ತಲೂ ಪ್ಲಾಸ್ಟಿಕ್ ಕುರ್ಚಿ. ಫಿಲಿಪೀನ್ಸಿನ ಕುಟುಂಬಗಳು, ಮೆಕ್ಸಿಕೋದವರು ಒಂದಷ್ಟು ಮಂದಿ, ನಮ್ಮ ಕಡೆಯವರೂ ಇದ್ದರು. ವಿಮರ್ಶಕಿ ಎಂದು ನನ್ನನ್ನು ಎರಡನೇ ಸಾಲಿನಲ್ಲಿ ಕೂರಿಸಿದರು. ತಂಡದ ಗುರು, ಹಿಂದೆ ಮೆಕ್ಸಿಕೋದಲ್ಲಿ ಆಡಿದವನು, ಕೈ ಕುಲುಕಿ ನನ್ನನ್ನು ಯಾಕೋ ಬಹಳ ಹೊತ್ತು ನೋಡಿ ನಕ್ಕ. ಅದೂ ನನಗೆ ಸರಿ ಕಾಣಲಿಲ್ಲ.

ಮೊದಲ ಪಂದ್ಯ ಸಾಧಾರಣ. ಎರಡನೆಯದಕ್ಕೆ ಬಿಳಿ ಮುಖವಾಡದ ಸಪೂರ ಯುವಕನೊಬ್ಬ ಬಂದ. ಅವನ ಎದುರಿಗೆ ಹಳದಿ ಮುಖವಾಡದ ರೂಡೋ. ಹಳದಿ ಬಿಗಿ ಪೈಜಾಮ, ಮೊಣಕಾಲತನಕ ಬೂಟು, ಮೇಲೆ ಬರಿ ಮೈ. ಜನ ಊ ಎಂದು ಕೂಗಿದರು. ಅವನು ಮೆಟ್ಟಿಲ ಹತ್ತಿರ ನಿಂತ, ಬಗ್ಗಿದ, ರಿಂಗಿನ ಹಾಸನ್ನು ಬಲಗೈಯಿಂದ ಮುಟ್ಟಿ ಹಣೆಗೆ ಒತ್ತಿಕೊಂಡ. ಮತ್ತೊಮ್ಮೆ ಮುಟ್ಟಿ ಎದೆಗೆ ಒತ್ತಿಕೊಂಡ. ಒಳಗೆ ಹೋಗಿ ನಡುವೆ ನಿಂತು ತೊಡೆ ತಟ್ಟಿದ.

ಮೆಕ್ಸಿಕೋದಲ್ಲಿ ಯಾರೂ ತೊಡೆ ತಟ್ಟುವುದಿಲ್ಲ. ಅಖಾಡದ ಮಣ್ಣನ್ನು ಮುಟ್ಟಿ ಹಣೆಗೆ ಹಚ್ಚದೆ ಒಳಗೆ ಕಾಲಿಡದವರು ಗರಡಿಯವರು. ನಾನು ಕುರ್ಚಿಯ ತುದಿಗೆ ಬಂದು ಆ ಹೊಟ್ಟೆಯನ್ನು ನೋಡಿದೆ. ಅದು ನಾನು ಬಡಿದ ರೊಟ್ಟಿ ತಿಂದು ಬೆಳೆದ ಹೊಟ್ಟೆ.

ಒಂದು ಕ್ಷಣ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಹೆಂಗಸಿಲ್ಲ. ಯಾವಳೂ ಇಲ್ಲ. ನಗು ತಡೆಯಲಾಗದೆ ದುಪಟ್ಟಾ ಬಾಯಿಗೆ ಒತ್ತಿಕೊಂಡೆ. ಪಕ್ಕದ ಫಿಲಿಪೀನ್ಸಿನ ಅಜ್ಜಿ ನನ್ನನ್ನು ನೋಡಿ ತಾನೂ ನಕ್ಕಳು. ಆ ಯುವಕ ಇವರ ಎದೆಗೆ ಅಂಗೈಯಿಂದ ಛಟೀರನೆ ಬಾರಿಸಿದ. ಓ, ಇದಾ ಆ ದಪ್ಪ ಹೆಂಗಸು ಎಂದುಕೊಂಡೆ.

ನಗು ನಿಂತದ್ದು ಇವರು ಮೊದಲ ಸಲ ಬೆನ್ನ ಮೇಲೆ ಬಿದ್ದಾಗ. ಹಲಗೆಯ ಸದ್ದು ಶೆಡ್ಡಿಗೆಲ್ಲ ಕೇಳಿತು, ನನಗೆ ಕೇಳಿದ್ದು ಡಾಕ್ಟರರ ಮಾತು. ಇನ್ನೊಂದು ಪೆಟ್ಟು ಬಿದ್ದರೆ ಕೈಯ ಶಕ್ತಿ. ಈ ಮನುಷ್ಯ ಕುತ್ತಿಗೆ ಒಡ್ಡುವ ಆಟಕ್ಕೆ ಬಂದು ನಿಂತಿದ್ದಾರೆ! ಅಲ್ಲಿಂದ ಮುಂದೆ ನಾನು ನೋಡಿದ್ದು ಆ ಕುತ್ತಿಗೆಯೊಂದನ್ನೇ. ಎದ್ದು ಹೋಗಿ ಪಂದ್ಯ ನಿಲ್ಲಿಸೋಣವೆಂದರೆ ಮುಖವಾಡದವನನ್ನು ಹೆಸರು ಹಿಡಿದು ಕರೆಯುವಂತಿಲ್ಲ, ಅಷ್ಟು ಜನರ ಮುಂದೆ ಅವರ ಮಾನ ಕಳೆದಂತೆ. ಹೆಸರಂತೂ ನಾನು ಮನೆಯಲ್ಲೂ ಹಿಡಿದವಳಲ್ಲ.

ಮೊದಲ ಸುತ್ತು ಸೋತರು. ಎರಡನೆಯದರಲ್ಲಿ ಯುವಕನನ್ನು ಬೆನ್ನ ಮೇಲೆ ಹೊತ್ತು ಧೋಬಿ ಪಛಾಡ್ ಹಾಕಿ ಕೆಡವಿದರು, ಊರಿನ ಗರಡಿಯ ಪಟ್ಟು. ಬೈಯುತ್ತಿದ್ದ ಜನವೇ ಶಿಳ್ಳೆ ಹೊಡೆದರು. ಹೆದರಿಕೆಯ ನಡುವೆಯೂ ನನ್ನೊಳಗಿನ ವಿಮರ್ಶಕಿ ಗಮನಿಸಿದಳು, ಎಸೆಯುವಾಗ ಆ ಯುವಕನ ತಲೆಯ ಕೆಳಗೆ ಇವರ ಕೈ ಇತ್ತು.

ಮೂರನೇ ಸುತ್ತು. ಇವರು ಹಗ್ಗದ ಆಚೆ ನೆಲಕ್ಕೆ ಉರುಳಿ, ಎದ್ದು, ತೂರಾಡುವ ನಾಟಕವಾಡುತ್ತಾ ರಿಂಗಿನ ಕಡೆ ತಿರುಗಿ ನಿಂತರು. ಯುವಕ ಮೇಲಿನ ಹಗ್ಗವನ್ನೇರಿದ. ಮುಂದೇನೆಂದು ನನಗೆ ಗೊತ್ತಿತ್ತು, ಎಷ್ಟೋ ಶನಿವಾರ ಅದನ್ನೇ ಬರೆದಿದ್ದೆ. ಅವನು ಹಾರುತ್ತಾನೆ, ಇವರು ಎದೆಯೊಡ್ಡಿ ಹಿಡಿಯಬೇಕು, ಅವನ ಪೂರ್ತಿ ಭಾರ ಎದೆಯಿಂದ ಕುತ್ತಿಗೆಗೆ ಬರುತ್ತದೆ. ನಾನು ಎದ್ದು ನಿಂತದ್ದು ನನಗೆ ಗೊತ್ತಿಲ್ಲ. ಇಷ್ಟು ವರ್ಷ ಅಡುಗೆಮನೆಯಿಂದ ಕರೆದ ಹಾಗೆಯೇ ಕರೆದೆ.

"ರೀ! ಕುತ್ತಿಗೀ!"

ಮೂರು ತಲೆ ತಿರುಗಿದವು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಗೃಹಸ್ಥರು ಬೆಚ್ಚಿ ಹಿಂದೆ ನೋಡಿದರು. ಬಾಗಿಲ ಹತ್ತಿರ ಚಹಾ ಕುಡಿಯುತ್ತಿದ್ದ ಇನ್ನೊಬ್ಬರು ಲೋಟ ಹಿಡಿದೇ ತಿರುಗಿದರು, ಪಾಪ, ಅವರ ಹೆಂಡತಿ ಎಲ್ಲಿದ್ದಳೋ. ಮೂರನೆಯದು ಹಳದಿ ಮುಖವಾಡ. ನೇರ ನನ್ನ ಕಡೆಗೆ. ಯುವಕ ಆಗಲೇ ಗಾಳಿಯಲ್ಲಿದ್ದ.

ಮುಖ ನನ್ನ ಕಡೆ ಇದ್ದರೂ ಕೈಗಳು ಅವನ ಕಡೆಗೇ ಚಾಚಿದ್ದವು. ನೋಡದೆಯೇ ಹಿಡಿದರು. ಇಬ್ಬರೂ ಒಟ್ಟಿಗೆ ನೆಲಕ್ಕೆ ಬಿದ್ದರು, ಯುವಕ ಮೇಲೆ, ಇವರು ಕೆಳಗೆ. ಅವನ ತಲೆ ಇವರ ಹೆಗಲ ಮೇಲಿತ್ತು. ಜನ ಎದ್ದು ನಿಂತು ಚೀರಿದರು. ನಾನು ಮಣಿಕಟ್ಟು ಹುಡುಕಿದೆ. ಮೊದಲು ಯುವಕನ ಬೆರಳು ಇವರ ಮಣಿಕಟ್ಟನ್ನು ಒತ್ತಿದ್ದು ಕಂಡಿತು. ಇವರ ಬೆರಳು ಅಲ್ಲಾಡಲಿಲ್ಲ. ಇಲ್ಲಿ ಹಿಂದೆ ಮುಂದೆ ಓಡಿಸಿ ನೋಡುವ ಹಾಗಿರಲಿಲ್ಲ. ಕೈಯ ಶಕ್ತಿ ಹೋಯಿತು ಎಂದೇ ಅಂದುಕೊಂಡೆ. ಆಮೇಲೆ ನಿಧಾನಕ್ಕೆ, ಬಹಳ ನಿಧಾನಕ್ಕೆ, ಒತ್ತಿದರು. ನಾನು ಕುರ್ಚಿಯ ಮೇಲೆ ದೊಪ್ಪನೆ ಕೂತೆ. ಫಿಲಿಪೀನ್ಸಿನ ಅಜ್ಜಿ ಕುಡಿಯಲು ನೀರು ಕೊಟ್ಟಳು.

ಗೆದ್ದದ್ದು ಬಿಳಿ ಮುಖವಾಡ. ಮುಂದಿನ ಪಂದ್ಯಕ್ಕೆ ನಾನು ಕೂರಲಿಲ್ಲ. ಶೆಡ್ಡಿನ ಹಿಂಬದಿಗೆ ಹೋದರೆ ಅಲ್ಲೇ ನಮ್ಮ ಬಿಳಿ ಕಾರು, ಹಿಂದಿನ ಗಾಜಿನ ಮೇಲೆ ಮಗಳ ಶಾಲೆಯ ಹಳೇ ಸ್ಟಿಕ್ಕರ್. ಅದಕ್ಕೆ ಒರಗಿ ನಿಂತೆ. ಸ್ವಲ್ಪ ಹೊತ್ತಿಗೆ ಮೇಲೊಂದು ಶರ್ಟ್ ಹಾಕಿಕೊಂಡು, ಹಳದಿ ಪೈಜಾಮದಲ್ಲೇ, ಮುಖವಾಡದಲ್ಲೇ ಬಂದರು. ಪ್ರೇಕ್ಷಕರ ಕಣ್ಣಿಗೆ ಬೀಳುವಲ್ಲಿ ಅದನ್ನು ತೆಗೆಯುವಂತಿಲ್ಲ ಎನ್ನುವುದು ಗುರುವಿನ ಕಟ್ಟುನಿಟ್ಟು.

"ಕೀಲಿ ಕೊಡ್ರಿ," ಎಂದೆ.

ಕೊಟ್ಟರು. ಪಕ್ಕದ ಸೀಟಿನಲ್ಲಿ ಕೂತರು. ಸಿಗ್ನಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಕಾರ್ಮಿಕರ ಬಸ್ಸಿನಿಂದ ಎಲ್ಲರೂ ಫೋನು ಹೊರಹಾಕಿ ಫೋಟೋ ತೆಗೆದರು.

"ಯಾಕ?" ಎಂದೆ.

"ವ್ಯಾಯಾಮ ಆಗ್ತದಂತ."

ಮುಂದಿನ ಸಿಗ್ನಲಿನಲ್ಲಿ ಮತ್ತೆ ಕೇಳಿದೆ. "ಯಾಕ್ರೀ?"

"ಗರಡಿ ಬಿಟ್ಟು ಭಾಳ ವರ್ಷ ಆತು. ಕೈ ಕಡೀತಿದ್ವು."

ಮೂರನೆಯ ಸಲ ಕೇಳುವಾಗ ನನ್ನ ದನಿ ಏರಿತು. "ಕುತ್ತಿಗಿ ಮುರದ್ರ ನಾ ಏನ್ ಮಾಡ್ಲಿ? ಖರೇ ಹೇಳ್ರಿ, ಯಾಕ?"

ಮುಖವಾಡದ ಎರಡು ತೂತುಗಳೊಳಗಿನ ಕಣ್ಣು ರಸ್ತೆಯ ಮೇಲೆಯೇ ಇತ್ತು.

"ನೀ ಶನಿವಾರಕ್ಕೊಮ್ಮೆ ಆ ಮಂದಿನ್ನ ಎಷ್ಟ್ ಲಕ್ಷ್ಯ ಕೊಟ್ಟು ನೋಡ್ತಿ. ಯಾವ ಹೆಗಲು ಮೊದಲ ತಾಗ್ತು, ಯಾರ ಕೈ ಎಲ್ಲಿತ್ತು, ತಿರಗಾ ಮುರಗಾ ನೋಡ್ತಿ. ನಾ ಬಾತ್‌ರೂಮಿನ್ಯಾಗ ಬಿದ್ದಾಗ ಹೊರಗ ನಿಂತು ಏನ್ ಕೇಳಿದಿ, ನೆನಪೈತೇನು? 'ಬಕೆಟ್ ಒಡೀತೇನ್ರೀ' ಅಂದಿ." ಅದರ ಹಿಂದೆಯೇ ಸೇರಿಸಿದರು. "ನಿನ್ನ ಕರೀಲಿಕ್ಕೆ ಗುರೂಗ ನಾನ ಹೇಳಿದ್ದೆ. ಒಮ್ಮೆ ನಾ ಬೀಳೂದನ್ನೂ ನೋಡ್ಲಿ ಅಂತ."

ಮೂರು ಸಲ ಮೂರು ಉತ್ತರ. ನಿಜ ಹೇಳುವವರ ಲಕ್ಷಣ. ಬಕೆಟ್ಟಿನ ಮಾತಿಗೆ ನನ್ನ ಹತ್ತಿರ ಜವಾಬಿತ್ತು, ಅದು ಹೊಸ ಬಕೆಟ್. ಅದನ್ನು ಅಲ್ಲಿಗೇ ಬಿಟ್ಟು ಕಾರನ್ನು ಪಕ್ಕಕ್ಕೆ ಹಾಕಿ, "ತಿರಗ್ರಿ, ಲೇಸು ಬಿಚ್ಚತೀನಿ," ಎಂದೆ.

ತಿರುಗಿದರು. ಕುತ್ತಿಗೆ ತಿರುಗಲಿಲ್ಲ, ಸೊಂಟದಿಂದ ಮೇಲಿನ ಮೈಯೆಲ್ಲ ಒಂದೇ ಹಲಗೆಯ ಹಾಗೆ ತಿರುಗಿತು. ಲೇಸು ಬಿಚ್ಚಿ ಮುಖವಾಡ ತೆಗೆದೆ. ಹಣೆಯ ತುಂಬಾ ಬೆವರು, ನೋವಿಗೆ ಕಚ್ಚಿಹಿಡಿದ ಹಲ್ಲು. ಇಷ್ಟು ಹೊತ್ತು ಅದೆಲ್ಲ ಆ ಬಟ್ಟೆಯ ಹಿಂದೆ ಇತ್ತು. ಕಾರನ್ನು ಮನೆಯ ದಾರಿ ಬಿಟ್ಟು ಆಸ್ಪತ್ರೆಯ ದಾರಿಗೆ ತಿರುಗಿಸಿದೆ.

ತುರ್ತು ವಿಭಾಗದಲ್ಲಿದ್ದ ನರ್ಸ್ ನಾವು ಮಾತಾಡಿಕೊಳ್ಳುವುದನ್ನು ಕೇಳಿ ಕನ್ನಡದಲ್ಲೇ ವಿಚಾರಿಸಿದಳು. ಮಂಗಳೂರು ಕಡೆಯವಳು.

"ಎಂತ ಆಯ್ತು ಇವರಿಗೆ?"

"ಬಾತ್‌ರೂಮಿನ್ಯಾಗ ಜಾರಿ ಬಿದ್ದೆ," ಎಂದರು ನಮ್ಮ ಮನೆಯವರು, ಕಣ್ಣು ಮಿಟುಕಿಸದೆ.

ಅವಳು ಅವರ ಹಳದಿ ಪೈಜಾಮವನ್ನೂ ಮೊಣಕಾಲತನಕದ ಬೂಟನ್ನೂ ನೋಡಿದಳು. "ಈ ಡ್ರೆಸ್ ಹಾಕಿಕೊಂಡು ಬಾತ್‌ರೂಮಿಗೆ ಹೋದದ್ದಾ?"

ಕುಸ್ತಿ ಆಡಿ ಮಾಡಿಕೊಂಡ ಪೆಟ್ಟಿಗೆ ವಿಮೆ ಸಿಗುವುದಿಲ್ಲ. ಅವರು ಯಾಕೆ ಸುಳ್ಳು ಹೇಳಿದರು ಎಂಬುದು ಆ ಊರಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ನಾನು ಸುಮ್ಮನೆ ತಲೆಯಾಡಿಸಿದ್ದರೂ ಸಾಕಿತ್ತು.

"ಬಾತ್‌ರೂಮಲ್ಲ," ಎಂದೆ. "ಎತ್ತರದಿಂದ ಹಾರಿದವನನ್ನ ಹಿಡದು ಬಿದ್ದಾರ."

"ನೀವು ನೋಡಿದ್ದೀರಾ?"

"ನೋಡೇನಿ. ಎಲ್ಲಾ ನೋಡೇನಿ."

ಹೇಳಲು ಶುರು ಮಾಡಿದೆ. ಎಡಗಾಲು ಹಿಂದೆ ಊರಿದ್ದು, ಮೊಣಕಾಲು ಬಗ್ಗಿಸಿದ್ದು, ಎರಡೂ ಕೈ ಅವನ ಕಂಕುಳಿಗೆ ಹೋದದ್ದು. ಮೊದಲು ನೆಲಕ್ಕೆ ತಾಗಿದ್ದು ಸೊಂಟ, ಆಮೇಲೆ ಬಲ ಹೆಗಲು. ಕುತ್ತಿಗೆ ಆ ಹೊತ್ತಿಗೆ ಎಡಕ್ಕೆ ತಿರುಗಿತ್ತಾದ್ದರಿಂದ ಪೆಟ್ಟು ಓರೆಯಾಗಿ ಬಿದ್ದದ್ದು. ಹಾರಿದವನ ತಲೆ ನೆಲ ಮುಟ್ಟದ ಹಾಗೆ ಕೊನೆಯ ಗಳಿಗೆಯಲ್ಲಿ ತಮ್ಮ ಹೆಗಲು ಕೊಟ್ಟದ್ದು. ತಮ್ಮ ಕೈ ಊರಿಕೊಂಡಿದ್ದರೆ ಇವರಿಗೆ ಏನೂ ಆಗುತ್ತಿರಲಿಲ್ಲ, ಅವನಿಗೆ ಆಗುತ್ತಿತ್ತು ಎನ್ನುವುದು. ನರ್ಸಿಗೆ ಅಷ್ಟೆಲ್ಲ ಬೇಕಾಗಿರಲಿಲ್ಲ, ಆದರೂ ಬರೆದುಕೊಳ್ಳುವುದನ್ನು ನಿಲ್ಲಿಸಿ ಕೇಳಿದಳು. ಮಂಚದ ಮೇಲೆ ಮಲಗಿದ್ದವರು ಛಾವಣಿ ನೋಡುತ್ತಾ ಒಂದೊಂದು ಮಾತನ್ನೂ ಕೇಳುತ್ತಿದ್ದರು. ನೋವಿನ ನಡುವೆಯೂ ಅವರ ಮುಖ ಅರಳಿದ್ದನ್ನು ನೋಡಿ ನನಗೆ ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು.

ಸ್ಕ್ಯಾನಿನಲ್ಲಿ ಮೂಳೆ, ಡಿಸ್ಕ್ ಎರಡೂ ಇದ್ದಲ್ಲೇ ಇದ್ದವು. ಉಳುಕು ಮಾತ್ರ ಬಲವಾಗಿತ್ತು. ಡಾಕ್ಟರು ಮತ್ತೆ ಕಾಲರ್ ಹಾಕಿ, ಇನ್ನು ಕುಸ್ತಿ ಖಲಾಸ್ ಎಂದು ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಹೇಳಿ ಹೋದರು. ಆಮೇಲೆ ನಾವಿಬ್ಬರೇ.

"ಎಷ್ಟು ಸ್ಟಾರ್?" ಎಂದು ಕೇಳಿದರು, ಕಾಲರಿನೊಳಗಿಂದ.

"ಮೂರು."

"ಬರೇ ಮೂರಾ?"

"ನಾಕು ಕೊಡಾಕಿ ಇದ್ದೆ. ಅವ ಮ್ಯಾಲಿಂದ ಹಾರಾಕತ್ತಿದ್ದ. ಅವನ್ನ ನೋಡೂದು ಬಿಟ್ಟು ನೀವ್ಯಾಕ ನನ್ನ ಕಡೆ ನೋಡಿದ್ರಿ?"

"ನೀ ಕರದಿ, ಅದಕ್ಕ."

ಆ ಪ್ರಶ್ನೆಯನ್ನು ಮರುದಿನ ಬೆಳಿಗ್ಗೆ ಚಹಾ ಕೊಡುವಾಗ ಇನ್ನೊಮ್ಮೆ ಕೇಳಿದೆ. ನೀ ಕರದಿ, ಅದಕ್ಕ ಎಂದರು. ವಾರ ಕಳೆದ ಮೇಲೆ ಕಾಲರಿನ ಪಟ್ಟಿ ಬಿಗಿಯುತ್ತಾ ಮತ್ತೊಮ್ಮೆ ಕೇಳಿದೆ. ನೀ ಕರದಿ, ಅದಕ್ಕ. ಮೂರೂ ಸಲ ಅವೇ ಮಾತು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ನನ್ನ ಕೆಲಸದ ಪ್ರಕಾರ ಅದು ಶುದ್ಧ ಸುಳ್ಳಾಗಬೇಕು. ನಾನು ಪಾಸು ಮಾಡಿದೆ.